ಕಬ್ಬೋ, ಕಾಕಂಬಿಯೋ, ಮೆಕ್ಕೆಜೋಳವೋ: ಎಥನಾಲ್ ಲೆಕ್ಕ ಬಿಡಿಸಿ ನೋಡುವ ಬಗೆ

ಬೆಳೆಯಿಂದ ಇಂಧನ ತೆಗೆಯುವುದು ಲಾಭವೇ, ನಷ್ಟವೇ? ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರದ ಬಗ್ಗೆ ಕೇಳುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೆ. ಇದಕ್ಕೆ ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಟ್ಯಾಂಕಿಗೆ ಬೀಳುವ ದ್ರವ ಎಲ್ಲ ಕಡೆಯೂ ಒಂದೇ. ಆದರೆ ಒಂದು ಕಾರ್ಖಾನೆಯಲ್ಲಿ ಅದು ತನಗಾಗಿ ಖರ್ಚಾದ ಶಕ್ತಿಯ ಎಂಟು ಪಟ್ಟನ್ನು ಹಿಂದಿರುಗಿಸುತ್ತದೆ, ಇನ್ನೊಂದರಲ್ಲಿ ಹಾಕಿದ್ದನ್ನು ಹಿಂದಿರುಗಿಸುವುದಕ್ಕೇ ಏದುಸಿರು ಬಿಡುತ್ತದೆ. ಹಾಗಾಗಿ ಯಾವ ಬೆಳೆ, ಎಷ್ಟು ಇಳುವರಿ, ಉಪಉತ್ಪನ್ನಕ್ಕೆ ಗಿರಾಕಿ ಇದ್ದಾರೆಯೇ ಎಂದು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಾಯ್ಲರಿನಲ್ಲಿ ಏನು ಉರಿಯುತ್ತದೆ ಎಂದು ಕೇಳಬೇಕು. ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಅರ್ಧ ಉತ್ತರ ಅಲ್ಲೇ ಇದೆ.

ಡಿಸ್ಟಿಲರಿಗೆ ಹಣ ಹೂಡಲು ಯೋಚಿಸುತ್ತಿರುವ ರೈತರ ಗುಂಪು, ಸಕ್ಕರೆಯೋ ಎಥನಾಲೋ ಎಂದು ತೂಗುತ್ತಿರುವ ಕಾರ್ಖಾನೆ, ಭೂಮಿಯನ್ನು ಯಾವುದಕ್ಕೆ ಬಿಡಬೇಕೆಂದು ನಿರ್ಧರಿಸುವ ಆಡಳಿತ, ಪಂಪಿನ ಮುಂದೆ ನಿಂತ ವಾಹನ ಮಾಲೀಕ, ಈ ನಾಲ್ವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಾಲ್ವರ ಅಳತೆಗೋಲು ಬೇರೆ ಬೇರೆಯಾದರೂ ಬುನಾದಿಯ ಅಂಕಿಗಳು ಒಂದೇ.

ಅಳೆಯುವುದು ಹೇಗೆ?

ಮೊದಲನೆಯ ಅಳತೆ ಶಕ್ತಿಯ ಅನುಪಾತ. ಒಂದು ಲೀಟರ್ ಎಥನಾಲಿನಲ್ಲಿ ಸುಮಾರು 21 ಮೆಗಾಜೂಲ್ ಶಕ್ತಿ ಇದೆ, ಪೆಟ್ರೋಲಿನಲ್ಲಿ ಸುಮಾರು 32. ಆ 21 ಮೆಗಾಜೂಲ್ ಪಡೆಯಲು ಟ್ರ್ಯಾಕ್ಟರಿನ ಡೀಸೆಲ್, ಗೊಬ್ಬರ, ಸಾಗಾಟ, ಉಗಿ, ವಿದ್ಯುತ್ ಎಂದು ಎಷ್ಟು ಪಳೆಯುಳಿಕೆ ಇಂಧನ ಹೋಯಿತು ಎನ್ನುವುದರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಅದು 1ಕ್ಕಿಂತ ಕಡಿಮೆಯಾದರೆ ಇಡೀ ಉದ್ಯಮ ಇಂಧನವನ್ನು ಸುಟ್ಟು ಇಂಧನ ಮಾಡುವ ವ್ಯರ್ಥ ಸುತ್ತಾಟ.

ಆದರೆ ಈ ಅನುಪಾತವನ್ನು ಓದುವಾಗ ಕಣ್ಣು ಮೋಸ ಹೋಗುತ್ತದೆ. 1.3 ಎಂದರೆ ಶೇ. 30 ಲಾಭ, ಪರವಾಗಿಲ್ಲ ಎನಿಸುತ್ತದೆ. ಹಾಗಲ್ಲ. ಇಂಥ ಕಡೆ ನಾಲ್ಕೂಕಾಲು ಲೀಟರಿಗೂ ತುಸು ಹೆಚ್ಚು ತಯಾರಿಸಿದರೆ ನಿವ್ವಳವಾಗಿ ಉಳಿಯುವುದು ಒಂದೇ ಲೀಟರಿನ ಶಕ್ತಿ. ಉಳಿದದ್ದು ಹೂಡಿದ್ದನ್ನು ತುಂಬಿಕೊಡುವುದಕ್ಕೇ ಸರಿ. ಅನುಪಾತ 2 ಆದರೆ ಒಂದು ನಿವ್ವಳ ಲೀಟರಿಗೆ ಎರಡು ಲೀಟರ್ ತಯಾರಿಸಬೇಕು. 8 ಆದರೆ ಒಂದೂ ಕಾಲಿಗಿಂತಲೂ ಕಡಿಮೆ. ಅಂದರೆ 1.3ರಿಂದ 2ಕ್ಕೆ ಏರುವುದು ದೊಡ್ಡ ಜಿಗಿತ. 5ರಿಂದ 8ಕ್ಕೆ ಏರುವುದು ಹೇಳಿಕೊಳ್ಳಲು ಚೆನ್ನಾಗಿದೆ, ಅಷ್ಟೆ.

ಎರಡನೆಯದು ಹೆಕ್ಟೇರಿಗೆ ಸಿಗುವ ನಿವ್ವಳ ಲೀಟರ್. ಒಟ್ಟು ಲೀಟರ್ ಹೇಳಿ ನಿವ್ವಳವನ್ನು ಹೇಳದ ಯೋಜನಾ ವರದಿ ಅರ್ಧ ವರದಿ. ಮೂರನೆಯದು ಉಪಉತ್ಪನ್ನದ ಆದಾಯ ಕಳೆದ ಮೇಲೆ ಉಳಿಯುವ ಕಚ್ಚಾವಸ್ತುವಿನ ವೆಚ್ಚ. ಎಥನಾಲಿನ ತಯಾರಿಕಾ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಚ್ಚಾವಸ್ತುವಿನದೇ ಆದ್ದರಿಂದ ಯಂತ್ರ ಎಷ್ಟು ಆಧುನಿಕ ಎಂಬುದಕ್ಕಿಂತ ಬೆಳೆ ಯಾವ ಬೆಲೆಗೆ ಬಂತು ಎಂಬುದೇ ಲಾಭವನ್ನು ತೀರ್ಮಾನಿಸುತ್ತದೆ. ನಾಲ್ಕನೆಯದು ವರ್ಷದಲ್ಲಿ ಕಾರ್ಖಾನೆ ಓಡುವ ದಿನಗಳು. ಐದು ತಿಂಗಳು ಓಡಿ ಏಳು ತಿಂಗಳು ಬಾಗಿಲು ಹಾಕುವ ಕಾರ್ಖಾನೆಯೂ ಸಾಲದ ಬಡ್ಡಿಯನ್ನು ಹನ್ನೆರಡು ತಿಂಗಳು ಕಟ್ಟಬೇಕು. ಇವುಗಳ ಜೊತೆಗೆ ನೀರು, ತ್ಯಾಜ್ಯ, ಇಂಗಾಲ. ಇವು ಖಾತೆ ಪುಸ್ತಕದಲ್ಲಿ ತಡವಾಗಿ ಕಾಣಿಸಿಕೊಳ್ಳುವ ಖರ್ಚುಗಳು, ಆದರೆ ಕಾಣಿಸಿಕೊಳ್ಳುವುದಂತೂ ಖಂಡಿತ.

ಅಧ್ಯಯನಗಳು ಏಕೆ ಒಂದಕ್ಕೊಂದು ಒಪ್ಪುವುದಿಲ್ಲ?

ಮೆಕ್ಕೆಜೋಳದ ಎಥನಾಲ್ ಕುರಿತ ಅಂಕಿಗಳನ್ನು ಹುಡುಕಿದವರಿಗೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ದೃಶ್ಯ ಕಾಣುತ್ತದೆ. 2005ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಪಿಮೆಂಟೆಲ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಟ್ಯಾಡ್ ಪಟ್ಜೆಕ್, ಮೆಕ್ಕೆಜೋಳದ ಎಥನಾಲ್ ತಯಾರಿಸಲು ಅದು ಕೊಡುವುದಕ್ಕಿಂತ ಶೇ. 29ರಷ್ಟು ಹೆಚ್ಚು ಪಳೆಯುಳಿಕೆ ಶಕ್ತಿ ಬೇಕು ಎಂದರು. ಅಮೆರಿಕದ ಕೃಷಿ ಇಲಾಖೆಯ ಲೆಕ್ಕ ಅದೇ ಬೆಳೆಗೆ 1.2ರ ಆಸುಪಾಸಿನಿಂದ ಆರಂಭವಾಗಿ, ಕಾರ್ಖಾನೆಗಳು ಸುಧಾರಿಸಿದಂತೆ 2015ರ ವರದಿಯ ಹೊತ್ತಿಗೆ 2ನ್ನು ದಾಟಿತು. 2006ರಲ್ಲಿ ಬರ್ಕ್ಲಿಯದೇ ಅಲೆಕ್ಸಾಂಡರ್ ಫ್ಯಾರೆಲ್ ತಂಡ ಹಲವು ಅಧ್ಯಯನಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ನೋಡಿದಾಗ ಜಗಳದ ಮೂಲ ಸಿಕ್ಕಿತು. ಋಣಾತ್ಮಕ ಉತ್ತರ ಕೊಟ್ಟವರು ಉಪಉತ್ಪನ್ನಕ್ಕೆ ಅಂಕವನ್ನೇ ಕೊಟ್ಟಿರಲಿಲ್ಲ, ಕೆಲವು ಹಳೆಯ ಅಂಕಿಗಳನ್ನೂ ಬಳಸಿದ್ದರು.

ಇದರಿಂದ ಓದುಗರು ತೆಗೆದುಕೊಳ್ಳಬೇಕಾದ ಎಚ್ಚರಿಕೆ ಇಷ್ಟು: ಯಾರಾದರೂ ನಿಮ್ಮ ಮುಂದೆ ಶಕ್ತಿಯ ಅನುಪಾತ ಇಟ್ಟರೆ, ಉಪಉತ್ಪನ್ನವನ್ನು ಸೇರಿಸಿದ್ದೀರಾ, ಬಾಯ್ಲರಿನ ಇಂಧನವನ್ನು ಎಣಿಸಿದ್ದೀರಾ, ಗೊಬ್ಬರದ ಶಕ್ತಿ ಎಷ್ಟು ಹಿಡಿದಿದ್ದೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಅಂಕಿಯನ್ನು ಬದಿಗಿಡಿ.

ಕಬ್ಬಿನ ಹಾಲಿನಿಂದ

ಒಂದು ಟನ್ ಕಬ್ಬಿನ ಹಾಲನ್ನು ಸಕ್ಕರೆ ಮಾಡದೆ ನೇರವಾಗಿ ಹುದುಗಿಸಿದರೆ 70ರಿಂದ 85 ಲೀಟರ್ ಎಥನಾಲ್ ಬರುತ್ತದೆ. ಹೆಕ್ಟೇರಿಗೆ 80 ಟನ್ ಬೆಳೆಯುವಲ್ಲಿ 6,500 ಲೀಟರ್ ಎಂದು ಇಟ್ಟುಕೊಳ್ಳಬಹುದು. ಪಿಷ್ಟವನ್ನು ಒಡೆಯುವ ಕೆಲಸವಿಲ್ಲ, ಸಕ್ಕರೆ ಸಿದ್ಧವಾಗಿಯೇ ಇದೆ, ಯೀಸ್ಟ್ ಹಾಕಿದರೆ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ.

ಆದರೆ ಕಬ್ಬಿನ ನಿಜವಾದ ಬಂಡವಾಳ ಹಾಲಲ್ಲ, ಸಿಪ್ಪೆ. ಒಂದು ಟನ್ ಕಬ್ಬು ಅರೆದರೆ ಸುಮಾರು 270 ಕಿಲೋ ಒದ್ದೆ ಸಿಪ್ಪೆ ಉಳಿಯುತ್ತದೆ. ಅರ್ಧದಷ್ಟು ನೀರೇ ಇದ್ದರೂ ಅದನ್ನು ಉರಿಸಿದರೆ ಸುಮಾರು 2,000 ಮೆಗಾಜೂಲ್ ಸಿಗುತ್ತದೆ. ಅದೇ ಟನ್ನಿನಿಂದ ಬಂದ 80 ಲೀಟರ್ ಎಥನಾಲಿನಲ್ಲಿರುವುದು 1,700. ಇನ್ನೊಮ್ಮೆ ಓದಿ: ಮಾರಾಟಕ್ಕೆ ಹೋಗುವ ಇಂಧನಕ್ಕಿಂತ ಹೆಚ್ಚಿನ ಶಾಖ ಅಂಗಳದಲ್ಲಿ ಬಿದ್ದಿರುವ ಸಿಪ್ಪೆಯಲ್ಲಿದೆ. ಅದನ್ನೇ ಉರಿಸಿ ಉಗಿ ಮಾಡಿ, ಆ ಉಗಿಯಿಂದ ಗಾಣ ತಿರುಗಿಸಿ, ಭಟ್ಟಿ ಇಳಿಸಿ, ಮಿಕ್ಕಿದ್ದರಲ್ಲಿ ವಿದ್ಯುತ್ ಮಾಡಿ ಮಾರುತ್ತಾರೆ. ಹೊರಗಿನಿಂದ ಕಲ್ಲಿದ್ದಲು ಅಥವಾ ಅನಿಲ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಬ್ರೆಜಿಲಿನ ಕಬ್ಬಿನ ಎಥನಾಲಿಗೆ 8ರಿಂದ 9ರ ಅನುಪಾತ ಬರುವುದರ ಗುಟ್ಟು ಇದೇ. ಬೇರೆ ಕಡೆ ಹಳೆಯ ಬಾಯ್ಲರಿನಲ್ಲಿ ಸಿಪ್ಪೆಯನ್ನು ಅಡ್ಡಾದಿಡ್ಡಿ ಉರಿಸುತ್ತಾ, ಸಾಲದ ಉಗಿಗೆ ಕಲ್ಲಿದ್ದಲು ತರುವ ಕಾರ್ಖಾನೆ ಈ ಅಂಕಿಯನ್ನು ತನ್ನದೆಂದು ಹೇಳಿಕೊಳ್ಳುವಂತಿಲ್ಲ.

ನಿವ್ವಳ ಲೆಕ್ಕ ಹಾಕಿದರೆ ಅನುಪಾತ 8ರಲ್ಲಿ 6,500 ಲೀಟರಿನ ಪೈಕಿ ಸುಮಾರು 5,700 ನಿಜವಾದ ಗಳಿಕೆ. ಬೇರೆ ಯಾವ ದೊಡ್ಡ ಬೆಳೆಯೂ ಇದರ ಹತ್ತಿರ ಸುಳಿಯುವುದಿಲ್ಲ.

ತೊಂದರೆಗಳು ಬೇರೆ ಕಡೆ ಇವೆ. ಕಡಿದ ಕಬ್ಬು ಕಾಯುವುದಿಲ್ಲ. ಒಂದೆರಡು ದಿನ ತಡವಾದರೆ ಸಕ್ಕರೆ ಒಡೆದು ಇಳುವರಿ ಬೀಳುತ್ತದೆ. ಹಂಗಾಮು ಮುಗಿದ ಮೇಲೆ ಗಾಣಕ್ಕೆ ಕೆಲಸವಿಲ್ಲ. ಎಲ್ಲಕ್ಕಿಂತ ದೊಡ್ಡದು ನೀರು. ಬೆಳೆಯ ಅವಧಿಗೆ 1,500ರಿಂದ 2,500 ಮಿಲಿಮೀಟರ್ ಬೇಕು. 2,000 ಎಂದು ಹಿಡಿದರೆ ಹೆಕ್ಟೇರಿಗೆ ಎರಡು ಕೋಟಿ ಲೀಟರ್ ಆಯಿತು, ಅಂದರೆ ಒಂದು ಲೀಟರ್ ಎಥನಾಲಿನ ಹಿಂದೆ ಸುಮಾರು 3,000 ಲೀಟರ್ ನೀರು. ಅದು ಆಕಾಶದಿಂದ ಬಿದ್ದರೆ ಒಂದು ಮಾತು. ಕೊಳವೆಬಾವಿಯಿಂದ ಎತ್ತಿದ್ದಾದರೆ ನೀರೂ ಹೋಯಿತು, ಎತ್ತಿದ ವಿದ್ಯುತ್ತೂ ಹೋಯಿತು, ಮೇಲಿನ 8ರ ಅನುಪಾತವೂ ಕರಗಿತು. ಬ್ರೆಜಿಲಿನ ಸಾವೊ ಪಾಲೊ ಸೀಮೆಯ ಕಬ್ಬು ಬಹುಪಾಲು ಮಳೆಯಾಶ್ರಿತ. ನೀರಾವರಿಯ ಕಬ್ಬಿಗೆ ಅಲ್ಲಿನ ಅಂಕಿಯನ್ನು ಅಂಟಿಸುವುದು ಈ ಕ್ಷೇತ್ರದ ಅತಿ ಸಾಮಾನ್ಯ ಕಣ್ಕಟ್ಟು.

ಹಣದ ಲೆಕ್ಕಕ್ಕೆ ಒಂದು ಸುಲಭ ಸೂತ್ರ ಇದೆ. ಒಂದು ಟನ್ ಕಬ್ಬಿನಿಂದ ಸುಮಾರು 105 ಕಿಲೋ ಸಕ್ಕರೆ ಬರುತ್ತದೆ, ಜೊತೆಗೆ ಸಕ್ಕರೆ ತೆಗೆದ ಮೇಲೆ ಉಳಿಯುವ ಗಟ್ಟಿ ಪಾಕವಾದ ಕಾಕಂಬಿಯಿಂದ 10 ಲೀಟರ್ ಎಥನಾಲ್. ಸಕ್ಕರೆಯನ್ನು ಬಿಟ್ಟರೆ 80 ಲೀಟರ್ ಎಥನಾಲ್. ಅಂದರೆ ಹೆಚ್ಚುವರಿ 70 ಲೀಟರಿಗೆ 105 ಕಿಲೋ ಸಕ್ಕರೆಯನ್ನು ತ್ಯಾಗ ಮಾಡುತ್ತೀರಿ: ಲೀಟರಿಗೆ ಒಂದೂವರೆ ಕಿಲೋ. ಒಂದೂವರೆ ಕಿಲೋ ಸಕ್ಕರೆಯ ಸಗಟು ಬೆಲೆಯ ಪಕ್ಕದಲ್ಲಿ ಒಂದು ಲೀಟರ್ ಎಥನಾಲಿನ ಬೆಲೆಯನ್ನಿಟ್ಟು ನೋಡಿ. ಎರಡರ ಸಂಸ್ಕರಣಾ ವೆಚ್ಚದ ವ್ಯತ್ಯಾಸವನ್ನು ಸರಿದೂಗಿಸಿದರೆ ಆ ವರ್ಷದ ತೀರ್ಮಾನ ಹೊರಬೀಳುತ್ತದೆ.

ಈ ಆಯ್ಕೆಯ ಸ್ವಾತಂತ್ರ್ಯ ಕಾರ್ಖಾನೆಗೆ ವರ, ಗ್ರಾಹಕನಿಗೆ ಶಾಪವೂ ಆಗಬಹುದು. 1975ರಲ್ಲಿ ಬ್ರೆಜಿಲ್ ವಾಹನಗಳಿಗೆ ಎಥನಾಲ್ ಬಳಸುವ ಪ್ರೊಆಲ್ಕೂಲ್ ಯೋಜನೆ ಆರಂಭಿಸಿತು. 1980ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ಎಥನಾಲ್ ಮಾತ್ರ ಕುಡಿಯುವಂಥವು. ದಶಕದ ಕೊನೆಗೆ ಕಚ್ಚಾತೈಲ ಅಗ್ಗವಾಗಿ ಸಕ್ಕರೆ ತುಟ್ಟಿಯಾದಾಗ ಕಾರ್ಖಾನೆಗಳು ಸಕ್ಕರೆಯತ್ತ ಹೊರಳಿದವು, ಪಂಪುಗಳು ಬರಿದಾದವು, ಆ ಕಾರುಗಳ ಮೇಲಿನ ನಂಬಿಕೆ ಕುಸಿಯಿತು. ಯಾವ ಪ್ರಮಾಣದಲ್ಲಾದರೂ ಎರಡೂ ಇಂಧನವನ್ನು ಸುಡುವ ಫ್ಲೆಕ್ಸ್ ಕಾರುಗಳು 2003ರಲ್ಲಿ ಬಂದ ಮೇಲಷ್ಟೇ ಅದು ಚೇತರಿಸಿಕೊಂಡದ್ದು.

ಕಾಕಂಬಿಯಿಂದ

ಸಕ್ಕರೆ ಕಾರ್ಖಾನೆ ಈಗಾಗಲೇ ಇದ್ದರೆ ಇದಕ್ಕಿಂತ ತಲೆನೋವಿಲ್ಲದ ದಾರಿ ಇನ್ನೊಂದಿಲ್ಲ. ಸಕ್ಕರೆ ತೆಗೆದು ತೆಗೆದು ಇನ್ನು ಹರಳುಗಟ್ಟದು ಎಂದಾದ ಕೊನೆಯ ಕಾಕಂಬಿ ಟನ್ನಿಗೆ 220ರಿಂದ 250 ಲೀಟರ್ ಕೊಡುತ್ತದೆ. ಹೊಸ ಭೂಮಿ ಬೇಡ, ಹೊಸ ನೀರು ಬೇಡ, ಊಟದ ತಟ್ಟೆಯಿಂದ ಕಸಿದದ್ದೂ ಅಲ್ಲ. ಒಂದು ಹಂತ ಮೊದಲೇ ನಿಲ್ಲಿಸಿದರೆ ಸಿಗುವ ಬಿ ದರ್ಜೆಯ ಕಾಕಂಬಿಯಲ್ಲಿ ಸಕ್ಕರೆಯ ಅಂಶ ಹೆಚ್ಚು, ಟನ್ನಿಗೆ 300 ಲೀಟರಿನ ಆಸುಪಾಸು. ಸಕ್ಕರೆ ಸ್ವಲ್ಪ ಕಡಿಮೆಯಾಗುತ್ತದೆ. ಮಾರುಕಟ್ಟೆಯಲ್ಲಿ ಸಕ್ಕರೆ ತುಂಬಿ ತುಳುಕುವ ವರ್ಷದಲ್ಲಿ ಅದು ಅನುಕೂಲವೇ.

ಮಿತಿ ಪ್ರಮಾಣದ್ದು. ಒಂದು ಟನ್ ಕಬ್ಬಿಗೆ ಕೊನೆಯ ಕಾಕಂಬಿ ಸುಮಾರು 45 ಕಿಲೋ ಮಾತ್ರ, ಅದರಿಂದ ಹತ್ತು ಲೀಟರ್ ಎಥನಾಲ್. ದೇಶದ ಇಂಧನವನ್ನು ಇದರಿಂದ ತುಂಬಲಾಗದು. ಪಶು ಆಹಾರ, ಮದ್ಯ, ಯೀಸ್ಟ್ ತಯಾರಕರೂ ಇದೇ ಕಾಕಂಬಿಗೆ ಕೈಚಾಚುತ್ತಾರೆ.

ಇನ್ನು ತ್ಯಾಜ್ಯ. ಒಂದು ಲೀಟರ್ ಎಥನಾಲ್ ಇಳಿದ ಮೇಲೆ 10ರಿಂದ 15 ಲೀಟರ್ ಕಂದು ಬಣ್ಣದ, ಬಿಸಿಯಾದ, ಹುಳಿ ವಾಸನೆಯ ದ್ರವ ಉಳಿಯುತ್ತದೆ. ಅದರಲ್ಲಿ ಪೊಟ್ಯಾಶ್ ಹೇರಳ, ಹೊಲಕ್ಕೆ ಅಳತೆಯಲ್ಲಿ ಹಾಕಿದರೆ ಗೊಬ್ಬರ. ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಮುಗಿಸುತ್ತದೆ. ಜೈವಿಕ ಅನಿಲ ತೆಗೆಯುವ ಘಟಕ, ಆವಿಯಾಗಿಸಿ ಗಟ್ಟಿಮಾಡುವ ಘಟಕ, ಗಟ್ಟಿಯಾದದ್ದನ್ನು ಉರಿಸುವ ಬಾಯ್ಲರ್ ಇವೆಲ್ಲ ಸೇರಿದರೆ ಹೂಡಿಕೆ ಗಣನೀಯವಾಗಿ ಏರುತ್ತದೆ. ಅಂದಾಜುಪಟ್ಟಿಯಲ್ಲಿ ಈ ಸಾಲು ಚಿಕ್ಕದಾಗಿ ಕಂಡರೆ ಅನುಮಾನಪಡಿ.

ಮೆಕ್ಕೆಜೋಳದಿಂದ

ಒಂದು ಟನ್ ಮೆಕ್ಕೆಜೋಳ ಸುಮಾರು 400 ಲೀಟರ್ ಎಥನಾಲ್ ಕೊಡುತ್ತದೆ. ಜೊತೆಗೆ ಪಿಷ್ಟ ಹೋಗಿ ಪ್ರೋಟೀನ್, ಕೊಬ್ಬು, ನಾರು ಉಳಿದ 300 ಕಿಲೋ ಒಣ ಪಶು ಆಹಾರ, ವ್ಯಾಪಾರದಲ್ಲಿ ಡಿಡಿಜಿಎಸ್ ಎನ್ನುವಂಥದ್ದು. ಕಾಳನ್ನು ಗೋದಾಮಿನಲ್ಲಿಟ್ಟುಕೊಂಡು ವರ್ಷದ ಬಹುತೇಕ ಎಲ್ಲ ದಿನವೂ ಕಾರ್ಖಾನೆ ಓಡಿಸಬಹುದು. ಬ್ಯಾಂಕಿಗೆ ಇಷ್ಟವಾಗುವ ಯೋಜನೆ ಇದು.

ಈಗ ಶಕ್ತಿಯ ಖಾತೆಯನ್ನು ಹತ್ತಿರದಿಂದ ನೋಡೋಣ. ಕಾಳನ್ನು ಪುಡಿಮಾಡಿ, ನೀರಿನಲ್ಲಿ ಬೇಯಿಸಿ, ಕಿಣ್ವಗಳಿಂದ ಪಿಷ್ಟವನ್ನು ಗ್ಲೂಕೋಸ್ ಆಗಿ ಒಡೆದು, ಎರಡು ದಿನಕ್ಕೂ ಹೆಚ್ಚು ಕಾಲ ಹುದುಗಿಸುತ್ತಾರೆ. ತೊಟ್ಟಿಯಲ್ಲಿ ಸಿಗುವ ಗಂಜಿಯಲ್ಲಿ ಮದ್ಯಸಾರ ಶೇ. 15ರ ಆಸುಪಾಸು, ಅದಕ್ಕಿಂತ ಹೆಚ್ಚಾದರೆ ಯೀಸ್ಟ್ ತಾನೇ ಮಾಡಿದ ಮದ್ಯದಲ್ಲಿ ಸಾಯುತ್ತದೆ. ಉಳಿದದ್ದು ಬಹುಪಾಲು ನೀರು. ಆ ನೀರಿನಿಂದ ಎಥನಾಲನ್ನು ಬೇರ್ಪಡಿಸುವುದಕ್ಕೇ ಶಾಖ ಸುರಿಯಬೇಕು. ಶೇ. 95ರ ಸುಮಾರಿಗೆ ಬಂದಮೇಲೆ ಎಷ್ಟು ಕುದಿಸಿದರೂ ಉಳಿದ ನೀರು ಬಿಡುವುದಿಲ್ಲ, ಅದನ್ನು ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿ ಹೀರಿಸಬೇಕು. ಕೊನೆಗೆ ಪಶು ಆಹಾರವನ್ನು ಒಣಗಿಸಬೇಕು. ಇಷ್ಟಕ್ಕೆಲ್ಲ ಆಧುನಿಕ ಕಾರ್ಖಾನೆಯಲ್ಲೂ ಲೀಟರಿಗೆ ಸುಮಾರು 7 ಮೆಗಾಜೂಲ್ ಶಾಖ ಬೇಕು, ಅದರಲ್ಲಿ ಒಣಗಿಸುವುದೊಂದಕ್ಕೇ ಮೂರನೇ ಒಂದು ಭಾಗ. ವಿದ್ಯುತ್ತಿಗೆ ಇನ್ನೆರಡು, ಹೊಲದ ಖರ್ಚು ಮತ್ತು ಸಾಗಾಟಕ್ಕೆ ಐದರ ಆಸುಪಾಸು. ಕೂಡಿದರೆ 14, ಸಿಕ್ಕಿದ್ದು 21. ಅನುಪಾತ 1.5. ಪಶು ಆಹಾರಕ್ಕೆ ಅದರ ಪಾಲು ಕೊಟ್ಟರೆ 2ರ ಹತ್ತಿರ.

ಕಬ್ಬಿಗೂ ಇದಕ್ಕೂ ಇರುವ ಅಂತರದ ಬಹುಭಾಗ ಆ 7 ಮೆಗಾಜೂಲ್‌ನಲ್ಲಿದೆ. ಮೆಕ್ಕೆಜೋಳದ ಜೊತೆ ಸಿಪ್ಪೆ ಬರುವುದಿಲ್ಲ. ಉಗಿಗೆ ಅನಿಲ ಅಥವಾ ಕಲ್ಲಿದ್ದಲು ಕೊಳ್ಳಬೇಕು. ಸಾರಜನಕ ಗೊಬ್ಬರವೂ ನೈಸರ್ಗಿಕ ಅನಿಲದ್ದೇ ಕೂಸು. ಹೀಗಾಗಿ ಅನಿಲ ತುಟ್ಟಿಯಾದ ವರ್ಷ ಈ ಉದ್ಯಮಕ್ಕೆ ಎರಡು ಕಡೆಯಿಂದ ಏಟು, ಹೊಲದಲ್ಲೊಮ್ಮೆ, ಬಾಯ್ಲರಿನಲ್ಲೊಮ್ಮೆ.

ಇದು ಬೆಳೆಯ ಹಣೆಬರಹ ಎಂದುಕೊಳ್ಳಬೇಕಿಲ್ಲ. ಬ್ರೆಜಿಲಿನ ಮಾಟೊ ಗ್ರೊಸೊ ರಾಜ್ಯದಲ್ಲಿ 2017ರಿಂದೀಚೆಗೆ ಎದ್ದುನಿಂತ ಮೆಕ್ಕೆಜೋಳದ ಡಿಸ್ಟಿಲರಿಗಳು ನೀಲಗಿರಿ ಮರದ ಚಕ್ಕೆಗಳನ್ನು ಉರಿಸುತ್ತವೆ. ಬೆಳೆಯೂ ಸೋಯಾ ಕೊಯ್ಲಿನ ನಂತರ ಅದೇ ಹೊಲದಲ್ಲಿ ಹಾಕಿದ ಎರಡನೆಯ ಬೆಳೆ. ಕಾಳು ಅದೇ, ಒಲೆ ಬೇರೆ, ಪಳೆಯುಳಿಕೆ ಇಂಧನದ ಖಾತೆಯೇ ಬದಲು. ಹಾಗೆಂದು ಮರ ಪುಕ್ಕಟೆ ಅಲ್ಲ, ಅದಕ್ಕೂ ನೆಲ ಬೇಕು. ಆ ನೆಲವನ್ನೂ ಹೆಕ್ಟೇರಿನ ಲೆಕ್ಕಕ್ಕೆ ಸೇರಿಸದಿದ್ದರೆ ಮತ್ತೆ ಅರ್ಧ ಲೆಕ್ಕ.

ಅಮೆರಿಕದಂತೆ ಹೆಕ್ಟೇರಿಗೆ ಹತ್ತು ಟನ್ನಿಗಿಂತ ಹೆಚ್ಚು ಬೆಳೆದರೆ 4,200 ಲೀಟರ್ ಬರುತ್ತದೆ, ಅನುಪಾತ 2ರಲ್ಲಿ ನಿವ್ವಳ 2,100. ಅನುಪಾತ 1.3ರಲ್ಲಿ ಸಾವಿರವೂ ಉಳಿಯುವುದಿಲ್ಲ. ಇಳುವರಿ ಮೂರೇ ಟನ್ ಆದ ಕಡೆ 1,200 ಲೀಟರ್, ಅನುಪಾತ 1.5ರಲ್ಲಿ ನಿವ್ವಳ ನಾನೂರು. ನೀರಿನ ಕಥೆಯೂ ಇಲ್ಲೇ ತಿರುವು ಪಡೆಯುತ್ತದೆ. ಮೆಕ್ಕೆಜೋಳಕ್ಕೆ 500ರಿಂದ 800 ಮಿಲಿಮೀಟರ್ ಸಾಕು, ಕಬ್ಬಿನ ಮೂರನೇ ಒಂದು ಭಾಗ. ಆದರೆ ಮೂರು ಟನ್ ಇಳುವರಿಯಲ್ಲಿ ಒಂದು ಲೀಟರ್ ಎಥನಾಲಿನ ಹಿಂದೆ 5,000 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಕಡಿಮೆ ನೀರಿನ ಬೆಳೆ ಎಂಬ ಮಾತು ಇಳುವರಿ ಚೆನ್ನಾಗಿದ್ದಲ್ಲಿ ಮಾತ್ರ ನಿಜ.

ಹಣದ ಸೂತ್ರ ಇಲ್ಲಿಯೂ ಸರಳ. ಡಿಡಿಜಿಎಸ್ ಹಲವು ಬಾರಿ ಕಿಲೋ ಲೆಕ್ಕದಲ್ಲಿ ಮೆಕ್ಕೆಜೋಳದ ಬೆಲೆಗೆ ಹತ್ತಿರವೇ ಮಾರಾಟವಾಗುತ್ತದೆ. ಹಾಗಾದಾಗ ಕಾಳಿಗೆ ಕೊಟ್ಟ ಹಣದ ಶೇ. 30ರಷ್ಟು ಮರಳಿ ಕೈಸೇರಿತು. ಟನ್ ಬೆಲೆಯನ್ನು 400ರಿಂದ ಭಾಗಿಸಿ, ಅದರಲ್ಲಿ ಹತ್ತಕ್ಕೆ ಏಳು ಪಾಲು ಇಟ್ಟುಕೊಂಡರೆ ಲೀಟರಿನ ಕಚ್ಚಾವೆಚ್ಚ. ಟನ್ನಿಗೆ 200 ನಾಣ್ಯವಾದರೆ ಲೀಟರಿಗೆ 0.50, ಉಪಉತ್ಪನ್ನ ಕಳೆದು 0.35. ಪಶು ಆಹಾರಕ್ಕೆ ಗಿರಾಕಿಯಿಲ್ಲದ ಊರಿನಲ್ಲಿ ಕಾರ್ಖಾನೆ ಕಟ್ಟಿದರೆ ಆ 0.15 ನಿಮ್ಮ ಜೇಬಿನಿಂದ ಹೋಗುತ್ತದೆ. ಅದೇ ಹತ್ತಿರದಲ್ಲಿ ದೊಡ್ಡ ಹೈನುಗಾರಿಕೆ ಇದ್ದರೆ ಒಣಗಿಸದೆ ಒದ್ದೆಯಾಗಿಯೇ ಮಾರಿ ಶಾಖದ ಮೂರನೇ ಒಂದು ಭಾಗ ಉಳಿಸಬಹುದು. ಕೆಲವೇ ದಿನಗಳಲ್ಲಿ ಹಳಸುವ ಸರಕು, ಆದ್ದರಿಂದ ಹತ್ತಿರ ಎಂದರೆ ನಿಜಕ್ಕೂ ಹತ್ತಿರವೇ ಇರಬೇಕು.

ಆಹಾರದ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಅಮೆರಿಕದ ಮೆಕ್ಕೆಜೋಳದಲ್ಲಿ ಸುಮಾರು ಶೇ. 40 ಡಿಸ್ಟಿಲರಿಗೆ ಹೋಗುತ್ತದೆ. ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಪಶು ಆಹಾರವಾಗಿ ಮರಳುತ್ತದೆ ಎಂಬುದು ನಿಜ, ಹೀಗಾಗಿ 40 ಎಂದು ಕೂಗುವುದು ಅತಿಯಾಯಿತು. ಆದರೂ ಬರಗಾಲದ ವರ್ಷದಲ್ಲಿ ಕಾರು ಮತ್ತು ಕೋಳಿ ಒಂದೇ ಮಂಡಿಯಲ್ಲಿ ಹರಾಜು ಕೂಗುತ್ತವೆ ಎಂಬುದೂ ಅಷ್ಟೇ ನಿಜ.

ಉಳಿದವು

ಸಕ್ಕರೆ ಬೀಟ್ ತಂಪು ದೇಶಗಳಿಗೆ. ಹೆಕ್ಟೇರಿಗೆ ಕಬ್ಬಿನ ಹತ್ತಿರ ಹೋಗುವಷ್ಟು ಎಥನಾಲ್ ಕೊಡುತ್ತದೆ, ಸಿಪ್ಪೆ ಮಾತ್ರ ಒಲೆಗಿಂತ ದನಕ್ಕೇ ಸರಿ, ಆದ್ದರಿಂದ ಉಗಿಗೆ ಅನಿಲ ಬೇಕು. ಗೋಧಿ ಇಂಧನಕ್ಕೆ ದುರ್ಬಲ ಆಯ್ಕೆ, ಹೆಕ್ಟೇರಿನ ಲೆಕ್ಕದಲ್ಲಿ ಮೆಕ್ಕೆಜೋಳಕ್ಕಿಂತಲೂ ಹಿಂದೆ. ಬಡ ನೆಲದಲ್ಲೂ ಬೆಳೆಯುವ ಮರಗೆಣಸು ಹಸಿ ಗೆಡ್ಡೆಯ ಟನ್ನಿಗೆ 150ರಿಂದ 180 ಲೀಟರ್ ಕೊಡುತ್ತದೆ. ಕಿತ್ತ ಗೆಡ್ಡೆ ಬೇಗ ಕೆಡುವುದರಿಂದ ಹೋಳು ಮಾಡಿ ಬಿಸಿಲಿಗೆ ಹಾಕುವ ವ್ಯವಸ್ಥೆ ಬೇಕು. ಸಿಹಿಜೋಳದ ದಂಟು ನಾಲ್ಕು ತಿಂಗಳ ಬೆಳೆ, ನೀರು ಕಡಿಮೆ, ಟನ್ನಿಗೆ 40–50 ಲೀಟರ್, ಒಲೆಗೆ ಸಿಪ್ಪೆಯೂ ಇದೆ. ಅದಕ್ಕಾಗಿಯೇ ಕಾರ್ಖಾನೆ ಕಟ್ಟುವುದು ಬೇಡ. ಕಬ್ಬಿನ ಹಂಗಾಮು ಮುಗಿದ ಮೇಲೆ ಅದೇ ಗಾಣಕ್ಕೆ ಇನ್ನೂ ಒಂದು ತಿಂಗಳ ಕೆಲಸ ಕೊಡುವ ಬೆಳೆಯಾಗಿ ಅದು ಚೆನ್ನ.

ಹುಲ್ಲು, ದಂಟು, ಕಡ್ಡಿಗಳಿಂದ ತೆಗೆಯುವ ಎರಡನೆಯ ತಲೆಮಾರಿನ ಎಥನಾಲ್ ಕಾಗದದ ಮೇಲೆ ಎಲ್ಲರನ್ನೂ ಸೋಲಿಸುತ್ತದೆ. ಆಹಾರ ಮುಟ್ಟುವುದಿಲ್ಲ, ಒಲೆಗೆ ಬೇಕಾದ ಲಿಗ್ನಿನ್, ಅಂದರೆ ಗಿಡವನ್ನು ಗಟ್ಟಿಯಾಗಿಡುವ ಅಂಶ, ಅದರೊಳಗೇ ಇದೆ. ಅಮೆರಿಕದ 2007ರ ಕಾನೂನು 2022ರ ಹೊತ್ತಿಗೆ ವರ್ಷಕ್ಕೆ 1,600 ಕೋಟಿ ಗ್ಯಾಲನ್ ಇಂಥ ಇಂಧನವನ್ನು ನಿರೀಕ್ಷಿಸಿತ್ತು. ನಡೆದದ್ದು ಬೇರೆ. ಕಾನ್ಸಸ್‌ನ ಹ್ಯೂಗಟನ್‌ನಲ್ಲಿ ಅಬೆಂಗೋವಾ, ಅಯೋವಾದ ನೆವಾಡ ಊರಿನಲ್ಲಿ ಡ್ಯೂಪಾಂಟ್, ಎಮೆಟ್ಸ್‌ಬರ್ಗ್‌ನಲ್ಲಿ ಪೋಯೆಟ್-ಡಿಎಸ್‌ಎಂ ಕಟ್ಟಿದ ಭಾರಿ ಘಟಕಗಳು ಒಂದೊಂದಾಗಿ ನಿಂತವು. ಹಗುರವಾದ, ಜಾಗ ತಿನ್ನುವ ಹುಲ್ಲನ್ನು ನೂರಾರು ಹೊಲಗಳಿಂದ ಸಾಗಿಸುವುದು, ಪೆಂಡಿಯೊಳಗಿನ ಮಣ್ಣು ಮರಳು ಯಂತ್ರಗಳನ್ನು ಸವೆಸುವುದು, ಕಿಣ್ವಗಳ ಬೆಲೆ ಇವೇ ದೊಡ್ಡ ಅಡ್ಡಿಗಳು. ಸ್ವಂತ ಹಣ ಹಾಕುವವರಿಗೆ ನನ್ನ ಸಲಹೆ: ಬೇರೆಯವರ ಹಣದಲ್ಲಿ ಪ್ರಯೋಗ ನಡೆಯಲಿ, ನೀವು ಕಾಯಿರಿ. ಕಬ್ಬಿನ ಸಿಪ್ಪೆ ಈಗಾಗಲೇ ಅಂಗಳದಲ್ಲಿ ರಾಶಿ ಬೀಳುವ ದೊಡ್ಡ ಕಾರ್ಖಾನೆಗಳ ಮಾತು ಬೇರೆ. ಸಾಗಾಟದ ಖರ್ಚು ಅವರಿಗಿಲ್ಲ.

ಇಂಗಾಲದ ಬಗ್ಗೆ

ಸುಟ್ಟಾಗ ಹೊರಬಿದ್ದ ಇಂಗಾಲವನ್ನು ಮುಂದಿನ ಬೆಳೆ ಹೀರಿಕೊಳ್ಳುತ್ತದೆ ಎಂಬ ವಾದ ಸರಿ, ಅಪೂರ್ಣ. ಸಾರಜನಕ ಗೊಬ್ಬರ ಹಾಕಿದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 270 ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ. ಅದಕ್ಕಿಂತ ಜಟಿಲವಾದದ್ದು ನೆಲದ ಪ್ರಶ್ನೆ. ಇಲ್ಲಿ ಆಹಾರದ ಬೆಳೆ ಇಂಧನಕ್ಕೆ ಹೋದರೆ, ಕೊರತೆ ತುಂಬಲು ಇನ್ನೆಲ್ಲೋ ಕಾಡು ಅಥವಾ ಹುಲ್ಲುಗಾವಲು ಉಳುಮೆಗೆ ಒಳಗಾಗುತ್ತದೆ ಎಂದು 2008ರಲ್ಲಿ ಸಂಶೋಧಕ ಟಿಮೊಥಿ ಸರ್ಚಿಂಗರ್ ತಂಡ ಎತ್ತಿದ ಆಕ್ಷೇಪ ಇಂದಿಗೂ ತಣ್ಣಗಾಗಿಲ್ಲ. ಅಮೆರಿಕದ ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಲೆಕ್ಕದಲ್ಲಿ ಅಲ್ಲಿನ ಮೆಕ್ಕೆಜೋಳದ ಎಥನಾಲಿನ ಮಾಲಿನ್ಯ ಪೆಟ್ರೋಲಿನದಕ್ಕಿಂತ ಶೇ. 40ಕ್ಕೂ ಮಿಕ್ಕಿ ಕಡಿಮೆ. 2022ರಲ್ಲಿ ಟೈಲರ್ ಲಾರ್ಕ್ ಮತ್ತು ಸಂಗಡಿಗರ ಲೆಕ್ಕದಲ್ಲಿ ಅದು ಪೆಟ್ರೋಲಿಗಿಂತ ಕಡಿಮೆಯಂತೂ ಅಲ್ಲ, ಬಹುಶಃ ಶೇ. 24ರಷ್ಟಾದರೂ ಹೆಚ್ಚು. ವ್ಯತ್ಯಾಸದ ದೊಡ್ಡ ಪಾಲು ನೆಲದ ಬಳಕೆಯನ್ನು ಹೇಗೆ ಎಣಿಸಿದರು ಎಂಬುದರಲ್ಲಿದೆ. ಹೊಸ ನೆಲ ಬೇಡದ ಕಾಕಂಬಿ, ಎರಡನೆಯ ಬೆಳೆ, ಕೃಷಿ ಉಳಿಕೆಗಳು ಈ ಜಗಳದಿಂದ ಬಹುತೇಕ ಹೊರಗಿವೆ. ಇಂಗಾಲವೇ ನಿಮ್ಮ ಮುಖ್ಯ ಅಳತೆಯಾದರೆ ಅವುಗಳಿಂದಲೇ ಆರಂಭಿಸಿ.

ಯಾರಿಗೆ ಯಾವುದು?

ಸಕ್ಕರೆ ಕಾರ್ಖಾನೆ ಇದ್ದು ಹೊಸ ಹೂಡಿಕೆಗೆ ಹಣ ಸೀಮಿತವಾಗಿದ್ದರೆ ಕಾಕಂಬಿ. ಮೊದಲು ಬಾಯ್ಲರ್ ಸರಿಪಡಿಸಿ, ಸಿಪ್ಪೆಯನ್ನು ಉಳಿಸಿ, ತ್ಯಾಜ್ಯ ಘಟಕ ಕಟ್ಟಿ, ಆಮೇಲೆ ಸಾಮರ್ಥ್ಯ ಹೆಚ್ಚಿಸಿ. ಹಣ ಹೆಚ್ಚಿದ್ದರೆ ಹಂಗಾಮಿನಲ್ಲಿ ಕಬ್ಬು, ಉಳಿದ ತಿಂಗಳು ಧಾನ್ಯ ಬಳಸುವ ಎರಡು ಬಗೆಯ ಘಟಕ ಚೆನ್ನಾಗಿ ದುಡಿಯುತ್ತದೆ. ಹಂಗಾಮಿನಲ್ಲಿ ಉಳಿಸಿಟ್ಟ ಸಿಪ್ಪೆ ಧಾನ್ಯದ ತಿಂಗಳುಗಳಿಗೆ ಉಗಿ ಕೊಡುತ್ತದೆ. ಮೆಕ್ಕೆಜೋಳದ ದೊಡ್ಡ ಕೊರತೆಯೇ ಅಲ್ಲಿ ನೀಗುತ್ತದೆ. ನನ್ನನ್ನು ಕೇಳಿದರೆ, ಬೆಳೆ ಆಧಾರಿತ ಎಥನಾಲಿನಲ್ಲಿ ಹಣ ಮತ್ತು ಶಕ್ತಿ ಎರಡೂ ಒಟ್ಟಿಗೆ ಹೊಂದುವ ವಿನ್ಯಾಸ ಇದೇ.

ಮಳೆಯಾಶ್ರಿತ ಧಾನ್ಯ ಹೆಚ್ಚುವರಿಯಾಗಿ ಸಿಗುವ ಸೀಮೆಯಲ್ಲಿ, ಪಕ್ಕದಲ್ಲೇ ಪಶುಪಾಲನೆ ಇದ್ದರೆ ಧಾನ್ಯದ ಡಿಸ್ಟಿಲರಿ ನಿಲ್ಲಬಲ್ಲದು. ಪಶು ಆಹಾರದ ಬೆಲೆ ಅರ್ಧಕ್ಕಿಳಿದರೂ, ಕಾಳಿನ ಬೆಲೆ ಕಾಲು ಭಾಗ ಏರಿದರೂ ಕಂತು ಕಟ್ಟಲಾದೀತೇ ಎಂದು ಲೆಕ್ಕ ಹಾಕಿ ನೋಡಿ. ಸರ್ಕಾರ ನಿಗದಿಪಡಿಸಿದ ಖರೀದಿ ಬೆಲೆಯೊಂದನ್ನೇ ನಂಬಿ ಸಾಲ ಮಾಡಬೇಡಿ. ಅಮೆರಿಕದಲ್ಲಿ ಎಥನಾಲಿಗೆ ಸಿಗುತ್ತಿದ್ದ ಗ್ಯಾಲನ್ನಿಗೆ 45 ಸೆಂಟ್ ತೆರಿಗೆ ರಿಯಾಯಿತಿ ವರ್ಷಗಟ್ಟಲೆ ಇದ್ದು 2011ರ ಕೊನೆಗೆ ನಿಂತೇ ಹೋಯಿತು. ಹತ್ತಾರು ರೈತರು ಸೇರಿ ಚಿಕ್ಕ ಭಟ್ಟಿ ಹಾಕುವ ಉತ್ಸಾಹ ಆಗಾಗ ಕೇಳಿಬರುತ್ತದೆ. ಶಾಖವನ್ನು ಮರುಬಳಸುವ ಏರ್ಪಾಡು, ನಿರ್ಜಲೀಕರಣ, ತ್ಯಾಜ್ಯ ಸಂಸ್ಕರಣೆ ಮೂರೂ ಸಣ್ಣ ಪ್ರಮಾಣದಲ್ಲಿ ದುಬಾರಿ. ಅವರಿಗೆ ಕಚ್ಚಾವಸ್ತು ಪೂರೈಕೆಯ ಒಪ್ಪಂದವೇ ಲೇಸು.

ಭೂಮಿ ಮತ್ತು ನೀರಿನ ಹೊಣೆ ಹೊತ್ತವರು ಇನ್ನೊಂದು ಹೋಲಿಕೆಯನ್ನೂ ನೋಡಬೇಕು. ಲೀಟರಿಗೆ 10 ಕಿ.ಮೀ. ಓಡುವ ಕಾರಿಗೆ ಒಂದು ಹೆಕ್ಟೇರ್ ಕಬ್ಬು ವರ್ಷಕ್ಕೆ 65,000 ಕಿ.ಮೀ. ಕೊಡುತ್ತದೆ, ಮೆಕ್ಕೆಜೋಳ 42,000. ಅದೇ ಹೆಕ್ಟೇರಿನಲ್ಲಿ 500 ಕಿಲೋವ್ಯಾಟ್ ಸೌರಫಲಕ ಹಾಕಿದರೆ ಒಳ್ಳೆಯ ಬಿಸಿಲಿನಲ್ಲಿ ವರ್ಷಕ್ಕೆ ಏಳೂವರೆ ಲಕ್ಷ ಯೂನಿಟ್. ಯೂನಿಟ್ಟಿಗೆ 6 ಕಿ.ಮೀ. ಓಡುವ ವಿದ್ಯುತ್ ಕಾರಿಗೆ 45 ಲಕ್ಷ ಕಿ.ಮೀ. ಎಲ್ಲ ನಷ್ಟಗಳಿಗೆಂದು ಅರ್ಧಕ್ಕರ್ಧ ಕಳೆದರೂ ಕಬ್ಬಿನ ಮೂವತ್ತು ಪಟ್ಟಿಗಿಂತ ಹೆಚ್ಚು. ಎಲೆ ಬಿಸಿಲಿನ ಶೇ. 1ರಷ್ಟನ್ನೂ ಹಿಡಿದಿಡುವುದು ಕಷ್ಟ, ಫಲಕಕ್ಕೆ ಶೇ. 20 ಸುಲಭ. ಎಥನಾಲಿನ ಬಲ ಬೇರೆ ಕಡೆ ಇದೆ: ಅದು ತಿಂಗಳುಗಟ್ಟಲೆ ತೊಟ್ಟಿಯಲ್ಲಿರುತ್ತದೆ, ಈಗಿರುವ ವಾಹನಗಳಿಗೇ ಸುರಿಯಬಹುದು, ಹೊಲದವನ ಕೈಗೆ ದುಡ್ಡು ಬರುತ್ತದೆ. ಈಗಿರುವ ವಾಹನಗಳ ಆಯುಷ್ಯದವರೆಗೆ ಎಥನಾಲ್ ಎಂದು ಯೋಜಿಸುವುದು ವಿವೇಕ. ಅದಕ್ಕಾಗಿ ಹೊಸ ನೀರಾವರಿ ಕಾಲುವೆ ತೋಡುವುದು ಅಲ್ಲ.

ಇನ್ನು ಪಂಪಿನ ಮುಂದೆ ನಿಂತವರು. ಶಕ್ತಿಯ ಲೆಕ್ಕದಲ್ಲಿ ಶೇ. 10 ಎಥನಾಲ್ ಬೆರೆತ ಇ10ರಲ್ಲಿ ಶೇ. 3ಕ್ಕಿಂತ ತುಸು ಹೆಚ್ಚು, ಇ20ರಲ್ಲಿ ಶೇ. 6ರಿಂದ 7, ಇ85ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೊರತೆ. ಎಥನಾಲಿನ ಆಕ್ಟೇನ್ ಸಂಖ್ಯೆ, ಅಂದರೆ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣದ ಅಳತೆ, 108ರ ಆಸುಪಾಸು ಇರುವುದರಿಂದ ಅದಕ್ಕೆಂದೇ ಹೆಚ್ಚಿನ ಒತ್ತಡದಲ್ಲಿ ವಿನ್ಯಾಸಗೊಳಿಸಿದ ಎಂಜಿನ್ ಕೊರತೆಯಲ್ಲಿ ಒಂದಿಷ್ಟನ್ನು ತುಂಬಿಕೊಳ್ಳುತ್ತದೆ, ಹಳೆಯ ಎಂಜಿನ್ ತುಂಬಿಕೊಳ್ಳುವುದಿಲ್ಲ. ಫ್ಲೆಕ್ಸ್ ವಾಹನವಿದ್ದು ಆಯ್ಕೆ ಇದ್ದರೆ ಬ್ರೆಜಿಲ್ ಚಾಲಕರ ನಿಯಮ ಸಾಕು: ಎಥನಾಲಿನ ಬೆಲೆ ಪೆಟ್ರೋಲಿನ ಶೇ. 70ಕ್ಕಿಂತ ಕಡಿಮೆಯಿದ್ದರೆ ಎಥನಾಲ್, ಇಲ್ಲದಿದ್ದರೆ ಪೆಟ್ರೋಲ್. ಚಳಿಯ ನಾಡಿನವರು ಮುಂಜಾನೆ ಎಂಜಿನ್ ಹತ್ತಿಕೊಳ್ಳಲು ತಡವಾಗುವುದನ್ನೂ ಲೆಕ್ಕಕ್ಕಿಡಲಿ, ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಡುತ್ತದೆ. ಹಳೆಯ ವಾಹನದ ಕೈಪಿಡಿಯಲ್ಲಿ ಎಷ್ಟು ಮಿಶ್ರಣದವರೆಗೆ ಸರಿ ಎಂದು ಬರೆದಿದೆಯೋ ಅದನ್ನು ಮೀರಬೇಡಿ. ರಬ್ಬರ್ ಕೊಳವೆ ಮತ್ತು ಸೀಲುಗಳು ಮೊದಲು ಹಾಳಾಗುವ ಭಾಗಗಳು. ವರ್ಷದಲ್ಲಿ ನಾಲ್ಕಾರು ಬಾರಿ ಮಾತ್ರ ಬಳಸುವ ಜನರೇಟರ್, ಹುಲ್ಲು ಕತ್ತರಿಸುವ ಯಂತ್ರ, ಸಿಂಪಡಣೆ ಪಂಪುಗಳ ಟ್ಯಾಂಕಿನಲ್ಲಿ ಮಿಶ್ರಣವನ್ನು ಉಳಿಸಬೇಡಿ. ಗಾಳಿಯ ತೇವ ಹೀರಿ ಎಥನಾಲ್ ಮತ್ತು ನೀರು ತಳಕ್ಕಿಳಿದು ಬೇರೆಯಾಗುತ್ತವೆ, ಮುಂದಿನ ಬಾರಿ ಹಗ್ಗ ಎಳೆದಾಗ ಕಾರ್ಬ್ಯುರೇಟರಿಗೆ ಹೋಗುವುದು ಆ ತಳದ ದ್ರವವೇ.